ಪರಭಾಷೆಯ ಮನೆಯಲ್ಲಿ ಒಂದು ಬೇಸಗೆ

ಹದಿನಾರನೆಯ ಶತಮಾನದಲ್ಲಿ ಫ್ರಾನ್ಸ್ ದೇಶದ ನೈಋತ್ಯ ಭಾಗದಲ್ಲಿ ಒಬ್ಬ ಸಿರಿವಂತ ಗೃಹಸ್ಥನಿದ್ದನು. 1533ರಲ್ಲಿ ಅವನಿಗೊಂದು ಗಂಡುಮಗು ಹುಟ್ಟಿತು. ಆ ಕಾಲದ ಯೂರೋಪಿನಲ್ಲಿ ವಿದ್ಯೆಯೆಂದರೆ ಲ್ಯಾಟಿನ್. ಆ ಭಾಷೆ ಬಾರದವನಿಗೆ ವಿದ್ವಾಂಸರ ಸಾಲಿನಲ್ಲಿ ಸ್ಥಾನವಿರಲಿಲ್ಲ. ಮಕ್ಕಳು ವರ್ಷಗಟ್ಟಲೆ ಸೂತ್ರಗಳನ್ನು ಉರುಹೊಡೆದು, ಗುರುಗಳ ಬೆತ್ತಕ್ಕೆ ಅಂಜಿ ಅದನ್ನು ಕಲಿಯುತ್ತಿದ್ದರು. ಈ ತಂದೆ ಬೇರೊಂದು ದಾರಿ ಹಿಡಿದನು. ಮಗು ತೊದಲ್ನುಡಿಯಲು ತೊಡಗುವ ಮೊದಲೇ, ಫ್ರೆಂಚ್ ಭಾಷೆಯನ್ನೇ ಅರಿಯದ ಜರ್ಮನ್ ವಿದ್ವಾಂಸನೊಬ್ಬನನ್ನು ಕರೆಸಿ, ಮಗುವನ್ನು ಅವನ ವಶಕ್ಕೊಪ್ಪಿಸಿದನು. ಮಗುವಿನ ಮುಂದೆ ಯಾರೂ ಲ್ಯಾಟಿನ್ ಹೊರತು ಬೇರೆ ಮಾತನ್ನಾಡಕೂಡದೆಂದು ಮನೆಯಲ್ಲಿ ಕಟ್ಟಪ್ಪಣೆಯಾಯಿತು. ತಾಯಿಯೂ ಆಳುಕಾಳುಗಳೂ ನಾಲ್ಕಾರು ಲ್ಯಾಟಿನ್ ಮಾತುಗಳನ್ನು ಕಲಿತು ಅವುಗಳಿಂದಲೇ ಮಗುವನ್ನು ಮಾತನಾಡಿಸಿದರು. ಆರು ವರ್ಷವಾಗುವ ಹೊತ್ತಿಗೆ ಆ ಬಾಲಕನು ಲ್ಯಾಟಿನನ್ನು ತಾಯ್ನುಡಿಯಂತೆ ಆಡುತ್ತಿದ್ದನು. ಅವನೇ ಮುಂದೆ ಪ್ರಬಂಧವೆಂಬ ಸಾಹಿತ್ಯಪ್ರಕಾರಕ್ಕೆ ಜನಕನಾದ ಮಾಂಟೇನ್. ಈ ವೃತ್ತಾಂತವನ್ನು ಅವನೇ ತನ್ನ ಪ್ರಬಂಧವೊಂದರಲ್ಲಿ ಹೇಳಿಕೊಂಡಿದ್ದಾನೆ. ಶಾಲೆಗೆ ಸೇರಿದ ಮೇಲೆ ತನ್ನ ಲ್ಯಾಟಿನ್ ಕೆಟ್ಟಿತೆಂದು ಅವನು ದೂರಿರುವುದೂ ಉಂಟು!

ಮಾಂಟೇನನ ಕಥೆ ಒಂದು ಸತ್ಯವನ್ನು ಸಾರುತ್ತದೆ. ಭಾಷೆ ಪುಸ್ತಕದಲ್ಲಿರುವುದಕ್ಕಿಂತ ಹೆಚ್ಚಾಗಿ ಮನೆಯಲ್ಲಿದೆ. ಅಡಿಗೆಮನೆಯಲ್ಲಿ, ಜಗಲಿಯಲ್ಲಿ, ಅಂಗಡಿಬೀದಿಯಲ್ಲಿ, ಜಗಳದಲ್ಲಿ, ಜೋಗುಳದಲ್ಲಿ ಅದು ಉಸಿರಾಡುತ್ತಿದೆ. ವ್ಯಾಕರಣವು ಭಾಷೆಗೆ ಬೆಳಕು ಹಿಡಿಯಬಲ್ಲುದು, ಜೀವ ಕೊಡಲಾರದು. ದಡದ ಮೇಲೆ ನಿಂತು ಈಜನ್ನು ಕುರಿತ ಗ್ರಂಥವನ್ನು ಎಷ್ಟು ಓದಿದರೇನು? ನೀರಿಗಿಳಿಯದೆ ಈಜು ಬಾರದು. ಆದರೆ ಎಲ್ಲ ತಂದೆತಾಯಿಯರೂ ತಮ್ಮ ಮನೆಯನ್ನು ಪರಭಾಷೆಯ ಮನೆಯನ್ನಾಗಿ ಮಾರ್ಪಡಿಸಲಾರರು. ಭಾಷೆಯನ್ನು ಮನೆಗೆ ತರಲಾಗದಿದ್ದರೆ, ಭಾಷೆಯಿರುವ ಮನೆಗೆ ಮಕ್ಕಳನ್ನು ಕಳುಹಿಸಬಹುದಲ್ಲವೆ? ಈ ಸರಳವಾದ ಪ್ರಶ್ನೆಯೇ ಇಪ್ಪತ್ತನೆಯ ಶತಮಾನದಲ್ಲಿ ಒಂದು ದೊಡ್ಡ ಶೈಕ್ಷಣಿಕ ಪ್ರಯೋಗಕ್ಕೆ ಬೀಜವಾಯಿತು. ಹದಿಹರೆಯದ ವಿದ್ಯಾರ್ಥಿಗಳು ಬೇಸಗೆಯ ರಜೆಯಲ್ಲಿ ಪರದೇಶಕ್ಕೆ ಹೋಗಿ, ಅಲ್ಲಿನ ಒಂದು ಕುಟುಂಬದಲ್ಲಿ ಮನೆಯ ಮಕ್ಕಳಂತೆ ಇದ್ದು, ಆ ಜನರ ಭಾಷೆಯನ್ನೂ ಬಾಳನ್ನೂ ಒಟ್ಟಿಗೆ ಕಲಿಯುವುದೇ ಆ ಪ್ರಯೋಗ.

ಈ ದಾರಿಯಲ್ಲಿ ಮೊದಲು ನಡೆದವರಲ್ಲಿ ಅಮೆರಿಕದ ಡೊನಾಲ್ಡ್ ವಾಟ್ ಎಂಬಾತನು ಒಬ್ಬನು. ಮೊದಲನೆಯ ಮಹಾಯುದ್ಧ ಮುಗಿದು ಹದಿನಾಲ್ಕು ವರ್ಷಗಳಾಗಿದ್ದವು. ರಾಷ್ಟ್ರ ರಾಷ್ಟ್ರಗಳ ನಡುವಿನ ಅಪನಂಬಿಕೆ ಇನ್ನೂ ಆರಿರಲಿಲ್ಲ. ಸಭೆ ಸೇರಿ ಭಾಷಣ ಮಾಡುವುದರಿಂದ ಜನರು ಹತ್ತಿರವಾಗುವುದಿಲ್ಲ, ಒಂದೇ ಸೂರಿನ ಕೆಳಗೆ ಬಾಳಿದರೆ ಮಾತ್ರ ಹತ್ತಿರವಾಗುತ್ತಾರೆ ಎಂಬುದು ವಾಟನ ನಂಬಿಕೆ. ಅವನು 1932ರಲ್ಲಿ ತರುಣರ ಒಂದು ತಂಡವನ್ನು ಯೂರೋಪಿಗೆ ಕರೆದೊಯ್ದನು. ತಾನು ಮಾಡುತ್ತಿರುವುದು ಒಂದು ಪರೀಕ್ಷೆ ಎಂಬ ವಿನಯದಿಂದ ಅವನು ತನ್ನ ಸಂಸ್ಥೆಗೆ ‘ಅಂತಾರಾಷ್ಟ್ರೀಯ ಜೀವನದ ಪ್ರಯೋಗ’ ಎಂಬ ಅರ್ಥದ ಹೆಸರನ್ನಿಟ್ಟನು. ವಿದ್ಯಾರ್ಥಿಗಳನ್ನು ವಸತಿಗೃಹಗಳಲ್ಲಿ ಇರಿಸದೆ ಮನೆಗಳಲ್ಲಿ ಇರಿಸುವ ಪದ್ಧತಿ ಅಲ್ಲಿಂದ ಮುಂದೆ ಬೇರು ಬಿಟ್ಟಿತು.

ಮೂರು ದಶಕಗಳ ತರುವಾಯ ಈ ಪದ್ಧತಿಗೆ ಹೊಸ ಬಲ ಬಂದಿತು. 1957ರ ಅಕ್ಟೋಬರ್ 4ರಂದು ಸೋವಿಯತ್ ರಷ್ಯ ‘ಸ್ಪುಟ್ನಿಕ್’ ಉಪಗ್ರಹವನ್ನು ಅಂತರಿಕ್ಷಕ್ಕೆ ಹಾರಿಸಿದಾಗ ಅಮೆರಿಕ ಬೆಚ್ಚಿಬಿದ್ದಿತು. ತನ್ನ ಶಾಲೆಗಳಲ್ಲಿ ವಿಜ್ಞಾನವೂ ಗಣಿತವೂ ಸೊರಗಿವೆಯೆಂಬುದು ಅದಕ್ಕೆ ಮನವರಿಕೆಯಾಯಿತು. ಅದರೊಂದಿಗೆ ಇನ್ನೊಂದು ಕೊರತೆಯೂ ಕಣ್ಣಿಗೆ ಬಿದ್ದಿತು. ಅಷ್ಟು ದೊಡ್ಡ ರಾಷ್ಟ್ರದಲ್ಲಿ ಪರರ ಭಾಷೆಗಳನ್ನು ಬಲ್ಲವರು ತೀರ ವಿರಳವಾಗಿದ್ದರು. 1958ರಲ್ಲಿ ಹೊರಬಂದ ರಾಷ್ಟ್ರರಕ್ಷಣಾ ಶಿಕ್ಷಣ ಕಾಯಿದೆಯು ವಿಜ್ಞಾನದೊಡನೆ ಪರಭಾಷೆಗಳ ಕಲಿಕೆಗೂ ಧನಸಹಾಯ ನೀಡಿತು. ಇಂಥ ವಾತಾವರಣದಲ್ಲಿ, 1962ರಲ್ಲಿ, ಇಂಡಿಯಾನಾ ವಿಶ್ವವಿದ್ಯಾನಿಲಯವು ಪ್ರೌಢಶಾಲೆಯ ವಿದ್ಯಾರ್ಥಿಗಳಿಗಾಗಿ ಪರಭಾಷಾ ವ್ಯಾಸಂಗದ ಬೇಸಗೆಯ ಯೋಜನೆಯೊಂದನ್ನು ಆರಂಭಿಸಿತು. ಇಂಡಿಯಾನಾ ರಾಜ್ಯ ಅಮೆರಿಕದ ಒಳನಾಡಿನಲ್ಲಿದೆ. ಅಲ್ಲಿನ ಮಕ್ಕಳು ಮುಸುಕಿನ ಜೋಳದ ಹೊಲಗಳನ್ನು ಕಂಡಿದ್ದರೇ ಹೊರತು ಕಡಲನ್ನು ಕಂಡವರು ಕಡಿಮೆ. ಅಂಥವರಲ್ಲಿ ಕೆಲವು ವರ್ಷ ಫ್ರೆಂಚ್ ಕಲಿತವರನ್ನು ಆರಿಸಿ, ಫ್ರಾನ್ಸಿನ ಪಶ್ಚಿಮದ ಅಂಚಿನಲ್ಲಿರುವ ಬ್ರಿಟನಿ ಪ್ರಾಂತಕ್ಕೆ ಕಳುಹಿಸಲಾಯಿತು. ಅಲ್ಲಿ ಅವರು ಆರೇಳು ವಾರಗಳ ಕಾಲ ಫ್ರೆಂಚ್ ಕುಟುಂಬಗಳೊಡನೆ ಇರಬೇಕು. ಬೆಳಗಿನ ಹೊತ್ತು ಪಾಠ, ಉಳಿದ ಹೊತ್ತೆಲ್ಲ ಬಾಳು.

ಈ ಯೋಜನೆಯ ಜೀವಾಳವೆಂದರೆ ವಿದ್ಯಾರ್ಥಿಗಳು ಕೈಗೊಳ್ಳುತ್ತಿದ್ದ ಒಂದು ಪ್ರತಿಜ್ಞೆ. ವ್ಯಾಸಂಗದ ಅವಧಿ ಮುಗಿಯುವವರೆಗೂ ತಾವು ಇಂಗ್ಲಿಷ್ ಮಾತನಾಡುವುದಿಲ್ಲವೆಂದು ಅವರು ಬರೆದು ಸಹಿ ಹಾಕುತ್ತಿದ್ದರು. ಮನೆಯವರೊಡನೆ ಮಾತ್ರವಲ್ಲ, ತಮ್ಮತಮ್ಮೊಳಗೂ ಆಡಬಾರದು. ಒಂದೇ ಊರಿನಿಂದ ಬಂದ ಇಬ್ಬರು ಗೆಳತಿಯರು ಪರದೇಶದ ಬೀದಿಯಲ್ಲಿ ಎದುರಾದಾಗ ತಮ್ಮ ಸುಖದುಃಖಗಳನ್ನು ಮುರುಕು ಫ್ರೆಂಚಿನಲ್ಲಿಯೇ ಹೇಳಿಕೊಳ್ಳಬೇಕು. ಕಾವಲಿಗೆ ಯಾರೂ ಇಲ್ಲ. ಅವರವರ ಮನಸ್ಸಾಕ್ಷಿಯೇ ಕಾವಲು. ನಮ್ಮಲ್ಲಿ ಮೌನವ್ರತವೆಂಬುದೊಂದುಂಟು. ಮಾತನ್ನು ಬಿಟ್ಟು ಮನಸ್ಸನ್ನು ಗೆಲ್ಲುವುದು ಅದರ ಉದ್ದೇಶ. ಇದಾದರೋ ಮಾತನ್ನು ಬಿಟ್ಟು ಮಾತನ್ನೇ ಗಳಿಸುವ ವ್ರತ. ಹದಿನಾರು ಹದಿನೇಳರ ವಯಸ್ಸಿನವರಿಗೆ ಇದು ಎಷ್ಟು ಕಠಿಣವೆಂಬುದನ್ನು ಆ ವಯಸ್ಸಿನವರೇ ಚೆನ್ನಾಗಿ ಬಲ್ಲರು. ಆ ವಯಸ್ಸಿಗೆ ಹಸಿವನ್ನಾದರೂ ತಡೆಯಬಹುದು, ಹಾಸ್ಯಕ್ಕೆ ಗುರಿಯಾಗುವುದನ್ನು ತಡೆಯಲಾಗದು.

ಇಂಡಿಯಾನಾದ ವಿದ್ಯಾರ್ಥಿಗಳು ತಂಗುತ್ತಿದ್ದ ಊರುಗಳಲ್ಲಿ ಬ್ರೆಸ್ಟ್ ಒಂದು. ಅದು ಬ್ರಿಟನಿಯ ತುತ್ತತುದಿಯಲ್ಲಿ, ಅಟ್ಲಾಂಟಿಕ್ ಸಾಗರದ ಕಡೆಗೆ ತೆರೆದುಕೊಂಡ ವಿಶಾಲವಾದ ಕೊಲ್ಲಿಯ ದಡದಲ್ಲಿದೆ. ಆ ಜಿಲ್ಲೆಯ ಹೆಸರೇ ‘ಫಿನಿಸ್ತೇರ್’. ‘ಭೂಮಿಯ ಕೊನೆ’ ಎಂದು ಅದರ ಅರ್ಥ. ಹದಿನೇಳನೆಯ ಶತಮಾನದಿಂದ ಬ್ರೆಸ್ಟ್ ಫ್ರಾನ್ಸಿನ ಪ್ರಮುಖ ನೌಕಾನೆಲೆಗಳಲ್ಲಿ ಒಂದಾಗಿದೆ. ಊರಿನ ಮುಖ್ಯಬೀದಿಯ ಹೆಸರು ‘ಸಿಯಾಂ ಬೀದಿ’. ಸಿಯಾಂ ಎಂದರೆ ಇಂದಿನ ಥಾಯ್ಲೆಂಡ್. ಆ ದೇಶದ ದೊರೆಯು ಹದಿನಾಲ್ಕನೆಯ ಲೂಯಿಯ ಬಳಿಗೆ ಕಳುಹಿಸಿದ ರಾಯಭಾರಿಗಳು 1686ರಲ್ಲಿ ಬ್ರೆಸ್ಟಿನಲ್ಲಿಯೇ ಹಡಗಿನಿಂದ ಇಳಿದರು. ಅದರ ನೆನಪಿಗಾಗಿ ಈ ಹೆಸರು. ಒಂದು ಶತಮಾನದ ತರುವಾಯ, 1788ರಲ್ಲಿ, ಮೈಸೂರಿನ ಟಿಪ್ಪು ಸುಲ್ತಾನನ ರಾಯಭಾರಿಗಳು ವರ್ಸಾಯ್ ಅರಮನೆಯಲ್ಲಿ ಹದಿನಾರನೆಯ ಲೂಯಿಯನ್ನು ಕಂಡರು. ದೂತರು ದುಭಾಷಿಗಳ ಮೂಲಕ ಮಾತನಾಡಿ, ಮರ್ಯಾದೆ ಸ್ವೀಕರಿಸಿ ಹಿಂದಿರುಗುತ್ತಾರೆ. ವಿದ್ಯಾರ್ಥಿಗಾದರೋ ದುಭಾಷಿಯಿಲ್ಲ, ಅವನ ನಾಲಗೆಯೇ ಅವನಿಗೆ ಗತಿ.

ಇಂಥ ಒಬ್ಬ ವಿದ್ಯಾರ್ಥಿನಿಯ ಮೊದಲ ದಿನವನ್ನು ಊಹಿಸಿಕೊಳ್ಳಬಹುದು. ನಿಲ್ದಾಣದಲ್ಲಿ ಮನೆಯ ತಾಯಿ, ತಂದೆ, ತನ್ನದೇ ವಯಸ್ಸಿನ ಒಬ್ಬ ಮಗಳು ಕಾದು ನಿಂತಿದ್ದಾರೆ. ತರಗತಿಯಲ್ಲಿ ಅವಳು ಒಳ್ಳೆಯ ಅಂಕಗಳನ್ನು ಗಳಿಸಿದವಳು. ಕ್ರಿಯಾಪದಗಳ ರೂಪಗಳನ್ನು ತಡೆಯಿಲ್ಲದೆ ಒಪ್ಪಿಸಬಲ್ಲಳು. ಆದರೆ ಇಲ್ಲಿ ಮೂವರೂ ಒಮ್ಮೆಗೇ ಮಾತನಾಡುತ್ತಾರೆ. ಪುಸ್ತಕದಲ್ಲಿ ಬಿಡಿಬಿಡಿಯಾಗಿ ನಿಂತಿದ್ದ ಪದಗಳು ಇಲ್ಲಿ ಒಂದರ ಕೈ ಒಂದು ಹಿಡಿದು ಹೊಳೆಯಂತೆ ಹರಿಯುತ್ತವೆ. ಫ್ರೆಂಚಿನಲ್ಲಿ ಅನೇಕ ಪದಗಳ ಕೊನೆಯ ಅಕ್ಷರಗಳನ್ನು ಬರೆಯುತ್ತಾರೆ, ಉಚ್ಚರಿಸುವುದಿಲ್ಲ. ಆದರೆ ಮುಂದಿನ ಪದ ಸ್ವರದಿಂದ ಆರಂಭವಾದರೆ, ಮೂಕವಾಗಿದ್ದ ಆ ಅಕ್ಷರ ಎಷ್ಟೋ ವೇಳೆ ಥಟ್ಟನೆ ಬಾಯಿಬಿಟ್ಟು ಮುಂದಿನ ಪದಕ್ಕೆ ಅಂಟಿಕೊಳ್ಳುತ್ತದೆ. ಸಂಧಿಕಾರ್ಯವನ್ನು ಬಲ್ಲ ಕನ್ನಡದ ವಿದ್ಯಾರ್ಥಿಗೆ ಇದು ತೀರ ವಿಚಿತ್ರವೆನಿಸದು. ಇಂಗ್ಲಿಷ್ ಒಂದನ್ನೇ ಬಲ್ಲ ಹುಡುಗಿಗೆ ಮಾತ್ರ ಒಂದು ಪದ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಮೊದಲಾಯಿತು ಎಂಬುದೇ ತಿಳಿಯದು. ಅವಳು ಮುಗುಳ್ನಗುತ್ತ ತಲೆಯಾಡಿಸುತ್ತಾಳೆ. ಏನನ್ನು ಒಪ್ಪಿಕೊಂಡೆನೆಂಬುದು ಅವಳಿಗೇ ಗೊತ್ತಿಲ್ಲ!

ಮೊದಲನೆಯ ಕಷ್ಟ ಸಂಬೋಧನೆಯದು. ಇಂಗ್ಲಿಷಿನಲ್ಲಿ ದೊರೆಗೂ ಒಂದೇ ಮಾತು, ನಾಯಿಗೂ ಒಂದೇ ಮಾತು. ಫ್ರೆಂಚಿನಲ್ಲಿ ಕನ್ನಡದಂತೆಯೇ ‘ನೀನು’, ‘ನೀವು’ ಎಂಬ ಭೇದವುಂಟು. ‘ತ್ಯು’ ಎಂದರೆ ನೀನು, ‘ವು’ ಎಂದರೆ ನೀವು. ಅಂಗಡಿಯವನಿಗೆ, ಉಪಾಧ್ಯಾಯರಿಗೆ, ಅಪರಿಚಿತರಿಗೆ ‘ವು’. ಗೆಳೆಯರಿಗೆ, ಮನೆಯ ಜನರಿಗೆ ‘ತ್ಯು’. ಆದರೆ ಮೊನ್ನೆಯವರೆಗೂ ಅಪರಿಚಿತಳಾಗಿದ್ದು, ಇಂದು ತಾಯಿಯ ಸ್ಥಾನದಲ್ಲಿ ನಿಂತಿರುವ ಈ ಗೃಹಿಣಿಗೆ ಏನೆನ್ನಬೇಕು? ಇದಕ್ಕೆ ವ್ಯಾಕರಣದಲ್ಲಿ ಉತ್ತರವಿಲ್ಲ. ಹುಡುಗಿ ‘ವು’ ಎಂದು ಆರಂಭಿಸುತ್ತಾಳೆ. ಕೆಲವು ದಿನಗಳ ಮೇಲೆ ಒಂದು ಸಂಜೆ ಆ ತಾಯಿಯೇ, ‘ಇನ್ನು ನನ್ನನ್ನು ನೀನು ಎನ್ನಬಹುದಲ್ಲ’ ಎನ್ನುತ್ತಾಳೆ. ಬಹುವಚನವೆಂಬ ಒಂದು ಬಾಗಿಲು ತೆರೆದು ಹುಡುಗಿ ಹಜಾರದಿಂದ ನಡುಮನೆಗೆ ಬಂದಂತಾಗುತ್ತದೆ. ಒಂದು ಸರ್ವನಾಮದಲ್ಲಿ ಇಷ್ಟು ಮಮತೆ ಅಡಗಿರಬಹುದೆಂದು ಯಾವ ಪುಸ್ತಕವೂ ಅವಳಿಗೆ ಹೇಳಿರಲಿಲ್ಲ.

ಎಣಿಕೆಯೂ ಸುಲಭವಲ್ಲ. ಅರವತ್ತರವರೆಗೆ ಫ್ರೆಂಚ್ ಸಂಖ್ಯೆಗಳು ನೇರವಾಗಿ ನಡೆಯುತ್ತವೆ. ಆಮೇಲೆ ದಾರಿ ಸೊಟ್ಟಗಾಗುತ್ತದೆ. ಎಪ್ಪತ್ತಕ್ಕೆ ಅವರು ‘ಅರವತ್ತು ಹತ್ತು’ ಎನ್ನುತ್ತಾರೆ, ಎಂಬತ್ತಕ್ಕೆ ‘ನಾಲ್ಕು ಇಪ್ಪತ್ತು’ ಎನ್ನುತ್ತಾರೆ. ತೊಂಬತ್ತೇಳು ಎನ್ನಬೇಕಾದರೆ ‘ನಾಲ್ಕು ಇಪ್ಪತ್ತು ಹತ್ತು ಏಳು’ ಎಂದು ಒಂದು ಲೆಕ್ಕವನ್ನೇ ಬಿಡಿಸಬೇಕು. ಹಿಂದಿನ ಕಾಲದಲ್ಲಿ ಇಪ್ಪತ್ತು ಇಪ್ಪತ್ತಾಗಿ ಎಣಿಸುತ್ತಿದ್ದ ಪದ್ಧತಿಯ ಅವಶೇಷವಿದು. ಇನ್ನು ಲಿಂಗವಿವಕ್ಷೆ. ಕನ್ನಡದಲ್ಲಿ ಮೇಜೂ ಪುಸ್ತಕವೂ ನಪುಂಸಕಲಿಂಗ. ಫ್ರೆಂಚಿನಲ್ಲಿ ನಪುಂಸಕಲಿಂಗವೇ ಇಲ್ಲ. ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ. ಕಂಡಂತೆ ಮೋಸಗೊಳಿಸುವ ಪದಗಳೂ ಬಹಳ. ‘ಲಿಬ್ರೆರಿ’ ಎಂಬ ಪದವನ್ನು ಕೇಳಿ ಗ್ರಂಥಾಲಯವೆಂದು ಭಾವಿಸಿದ ವಿದ್ಯಾರ್ಥಿ ಒಳಹೊಕ್ಕರೆ ಅದು ಪುಸ್ತಕದ ಅಂಗಡಿ. ಹಣ ಕೊಡದೆ ಅಲ್ಲಿಂದ ಪುಸ್ತಕ ತರುವಂತಿಲ್ಲ.

ಮಾತಿನ ಜೊತೆಗೆ ನಡೆಯನ್ನೂ ಕಲಿಯಬೇಕಾಗುತ್ತದೆ. ರೊಟ್ಟಿಯ ಅಂಗಡಿಗೆ ಹೋದವನು ಬೇಕಾದುದನ್ನು ಕೇಳುವ ಮೊದಲು ‘ಬೊಂಜೂರ್’ ಎಂದು ವಂದಿಸಬೇಕು. ವಂದಿಸದೆ ನೇರವಾಗಿ ವ್ಯವಹಾರಕ್ಕಿಳಿದವನನ್ನು ಅವರು ಒರಟನೆಂದು ಎಣಿಸುತ್ತಾರೆ. ‘ಬಗೆತ್’ ಎಂಬ ಉದ್ದನೆಯ ರೊಟ್ಟಿ ಊಟದ ಮೇಜಿನ ಮೇಲೆ ಇಲ್ಲದ ದಿನವಿಲ್ಲ. ಅದನ್ನು ಸುಡುವ ಕುಶಲತೆಯನ್ನೂ ಅದರ ಸುತ್ತ ಬೆಳೆದ ಸಂಪ್ರದಾಯವನ್ನೂ ಯುನೆಸ್ಕೊ ಸಂಸ್ಥೆ 2022ರಲ್ಲಿ ಮಾನವಕುಲದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಬ್ರಿಟನಿಯಲ್ಲಿ ಇದರೊಡನೆ, ಕಾದ ಹಂಚಿನ ಮೇಲೆ ಹಿಟ್ಟನ್ನು ತೆಳುವಾಗಿ ಹರಡಿ ಬೇಯಿಸುವ ‘ಕ್ರೆಪ್’ ಎಂಬ ತಿನಿಸು ಪ್ರಸಿದ್ಧವಾದುದು. ನಮ್ಮ ದೋಸೆಯನ್ನು ಕಂಡವರಿಗೆ ಅದನ್ನು ಹೆಚ್ಚು ಬಣ್ಣಿಸಬೇಕಾಗಿಲ್ಲ. ಬೇಸಗೆಯಲ್ಲಿ ಅಲ್ಲಿ ರಾತ್ರಿ ಹತ್ತು ಗಂಟೆಗೂ ಬೆಳಕಿರುತ್ತದೆ. ಊಟ ಒಂದಾದ ಮೇಲೊಂದು ಬಗೆಯಾಗಿ ನಿಧಾನವಾಗಿ ಸಾಗುತ್ತದೆ. ಹೊಟ್ಟೆ ತುಂಬಿಸಿಕೊಂಡು ಎದ್ದುಹೋಗುವುದಷ್ಟೇ ಊಟದ ಉದ್ದೇಶವಲ್ಲ. ಅಲ್ಲಿ ರಾಜಕೀಯ ಚರ್ಚೆಯಾಗುತ್ತದೆ, ಅಣ್ಣತಂಗಿಯರ ಜಗಳ ತೀರ್ಮಾನವಾಗುತ್ತದೆ, ತಾತನ ಹಳೆಯ ಕಥೆ ಮತ್ತೊಮ್ಮೆ ಹೊರಬೀಳುತ್ತದೆ. ವಿದ್ಯಾರ್ಥಿಗೆ ದೊರೆಯುವ ಅತ್ಯುತ್ತಮ ತರಗತಿಯೆಂದರೆ ಈ ಊಟದ ಮೇಜೇ.

ಆದರೂ ಎಲ್ಲ ದಿನಗಳೂ ಸುಖದ ದಿನಗಳಲ್ಲ. ಮೊದಲ ವಾರದ ಹೊಸತನ ಕಳೆದ ಮೇಲೆ ಮನಸ್ಸು ಬಳಲುತ್ತದೆ. ಬೆಳಗಿನಿಂದ ರಾತ್ರಿಯವರೆಗೆ ಪ್ರತಿಯೊಂದು ಮಾತಿಗೂ ಕಿವಿಗೊಟ್ಟು, ಪ್ರತಿಯೊಂದು ವಾಕ್ಯವನ್ನೂ ಮನಸ್ಸಿನಲ್ಲಿ ಕಟ್ಟಿ ಹೊರಗಿಡುವ ಶ್ರಮದಿಂದ ತಲೆ ನೋಯುತ್ತದೆ. ಅದಕ್ಕಿಂತ ಹೆಚ್ಚಿನ ನೋವು ಇನ್ನೊಂದಿದೆ. ತನ್ನ ಭಾಷೆಯಲ್ಲಿ ಚತುರೆಯಾಗಿ ಮಾತನಾಡಿ ಎಲ್ಲರನ್ನೂ ನಗಿಸುತ್ತಿದ್ದ ಹುಡುಗಿ ಇಲ್ಲಿ ನಾಲ್ಕು ವರ್ಷದ ಮಗುವಿನಂತೆ ತೊದಲಬೇಕಾಗಿದೆ. ಮನೆಯ ಚಿಕ್ಕ ಹುಡುಗನೂ ಅವಳ ತಪ್ಪನ್ನು ತಿದ್ದುತ್ತಾನೆ. ತಾನು ಪೆದ್ದಳಲ್ಲವೆಂದು ಹೇಳಿಕೊಳ್ಳಲು ಕೂಡ ಅವಳ ಬಳಿ ಮಾತುಗಳಿಲ್ಲ. ಇಂಥ ಒಂದು ಸಂಜೆ ತನ್ನೂರಿನ ಗೆಳತಿ ಎದುರಾದರೆ, ಅತ್ತಿತ್ತ ನೋಡಿ ಐದು ನಿಮಿಷ ಇಂಗ್ಲಿಷಿನಲ್ಲಿ ಮಾತನಾಡಿ ಮನಸ್ಸನ್ನು ಹಗುರ ಮಾಡಿಕೊಳ್ಳೋಣವೆನಿಸುವುದು ಸಹಜ. ಯಾರು ಕೇಳುತ್ತಾರೆ? ಯಾರಿಗೆ ತಿಳಿಯುತ್ತದೆ? ಪ್ರತಿಜ್ಞೆಯ ಪರೀಕ್ಷೆ ನಡೆಯುವುದು ತರಗತಿಯಲ್ಲಲ್ಲ, ಇಂಥ ಬೀದಿಯ ಮೂಲೆಯಲ್ಲಿ. ಅಲ್ಲಿ ಒಮ್ಮೆ ಸೋತವರಿಗೆ ಮತ್ತೆ ಸೋಲುವುದು ಸುಲಭ. ಬದಲಾಗಿ ಇಬ್ಬರೂ ಕಣ್ಣೊರೆಸಿಕೊಂಡು ತಪ್ಪು ಫ್ರೆಂಚಿನಲ್ಲಿಯೇ ತಮ್ಮ ದುಃಖವನ್ನು ತೋಡಿಕೊಂಡರೆಂದರೆ, ಆ ದಿನದಿಂದ ಆ ಭಾಷೆ ಅವರಿಗೆ ಪಾಠವಾಗಿ ಉಳಿಯುವುದಿಲ್ಲ. ಅಳುವುದಕ್ಕೂ ಒದಗುವ ಮಾತಾಗುತ್ತದೆ.

ಬ್ರೆಸ್ಟಿನಂಥ ಊರಿನಲ್ಲಿ ಈ ಪ್ರತಿಜ್ಞೆಗೆ ಇನ್ನೊಂದು ಅರ್ಥವೂ ಹೊಳೆಯುತ್ತದೆ. ಬ್ರಿಟನಿಯ ಪಶ್ಚಿಮ ಭಾಗದ ಜನರ ಮೂಲಭಾಷೆ ಫ್ರೆಂಚ್ ಅಲ್ಲ, ಬ್ರೆಟನ್. ಅದು ಬ್ರಿಟನ್ನಿನ ವೆಲ್ಷ್ ಭಾಷೆಗೆ ಹತ್ತಿರದ ಬಂಧು. ಫ್ರಾನ್ಸಿನ ಮಹಾಕ್ರಾಂತಿಯ ಕಾಲದಲ್ಲಿ, 1794ರಲ್ಲಿ, ಗ್ರೆಗ್ವಾರ್ ಎಂಬ ಪಾದ್ರಿಯು ಪ್ರಾಂತಭಾಷೆಗಳನ್ನು ಅಳಿಸಿ ಎಲ್ಲೆಡೆಯೂ ಫ್ರೆಂಚನ್ನೇ ಬಳಕೆಗೆ ತರಬೇಕೆಂದು ರಾಷ್ಟ್ರಸಭೆಯ ಮುಂದೆ ವರದಿ ಒಪ್ಪಿಸಿದನು. 1881 ಮತ್ತು 1882ರ ಶಾಸನಗಳಿಂದ ಪ್ರಾಥಮಿಕ ಶಿಕ್ಷಣ ಉಚಿತವೂ ಕಡ್ಡಾಯವೂ ಆದಾಗ, ಶಾಲೆಯು ಬಡವರ ಮಕ್ಕಳಿಗೆ ಅಕ್ಷರ ಕೊಟ್ಟಿತು; ಜೊತೆಗೆ ಅವರ ಮನೆಮಾತನ್ನು ಕಸಿದುಕೊಂಡಿತು. ಶಾಲೆಯಲ್ಲಿ ಬ್ರೆಟನ್ ಮಾತನಾಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಮರದ ತುಂಡನ್ನೋ ಹಳೆಯ ಪಾದರಕ್ಷೆಯನ್ನೋ ಕಟ್ಟುತ್ತಿದ್ದರು. ಆ ಮಗು ಬ್ರೆಟನ್ ಆಡುವ ಇನ್ನೊಂದು ಮಗುವನ್ನು ಹಿಡಿದುಕೊಟ್ಟರೆ ಆ ಅವಮಾನದ ಗುರುತು ಅದರ ಕೊರಳಿಗೆ ದಾಟುತ್ತಿತ್ತು. ದಿನದ ಕೊನೆಯಲ್ಲಿ ಅದನ್ನು ಧರಿಸಿದ್ದವನಿಗೆ ಶಿಕ್ಷೆ. ಹೀಗೆ ಬೆಳೆದ ಮಕ್ಕಳು ತಾವು ತಂದೆತಾಯಿಗಳಾದಾಗ ತಮ್ಮ ಮಕ್ಕಳೊಡನೆ ಬ್ರೆಟನ್ ಮಾತನಾಡಲು ನಾಚಿದರು. ಎರಡು ಮೂರು ತಲೆಮಾರುಗಳಲ್ಲಿ ಒಂದು ನಾಡಿನ ಭಾಷೆ ಅಜ್ಜ ಅಜ್ಜಿಯರ ಭಾಷೆಯಾಗಿ ಕುಗ್ಗಿತು. ಇಂದು ಯುನೆಸ್ಕೊ ಅದನ್ನು ತೀವ್ರ ಅಪಾಯದಲ್ಲಿರುವ ಭಾಷೆಗಳ ಸಾಲಿಗೆ ಸೇರಿಸಿದೆ.

ಇಂಗ್ಲಿಷನ್ನು ತಾನಾಗಿಯೇ ಬಿಟ್ಟು ಬಂದ ವಿದ್ಯಾರ್ಥಿಯು ಇಂಥ ಒಂದು ಮನೆಯಲ್ಲಿ, ಬ್ರೆಟನ್ ಬಲ್ಲ ಅಜ್ಜಿಯ ಎದುರು ಕುಳಿತಾಗ ಎರಡು ಬಗೆಯ ಮೌನಗಳು ಎದುರುಬದುರಾಗುತ್ತವೆ. ಒಬ್ಬರದು ಒಲಿದು ಕೈಗೊಂಡ ಮೌನ. ಆರು ವಾರಗಳಲ್ಲಿ ಮುಗಿಯತಕ್ಕದ್ದು. ಇನ್ನೊಬ್ಬರದು ಹೇರಿದ ಮೌನ, ಬಾಳೆಲ್ಲ ಉಳಿದದ್ದು. ಹೊಸ ಭಾಷೆಯನ್ನು ಕಲಿಯುವುದಕ್ಕೂ ಹಳೆಯ ಭಾಷೆಯನ್ನು ಕಳೆದುಕೊಳ್ಳುವುದಕ್ಕೂ ಇರುವ ಅಂತರ ಅಲ್ಲಿ ಮಾತಿಲ್ಲದೆ ಮನವರಿಕೆಯಾಗುತ್ತದೆ. ಸಂತೋಷದ ಸಂಗತಿಯೆಂದರೆ, ಬ್ರೆಟನ್ ಭಾಷೆಯನ್ನು ಉಳಿಸಲು ಹೊರಟವರು ಕೂಡ ಇದೇ ವಿಧಾನವನ್ನು ಹಿಡಿದರು. 1977ರಲ್ಲಿ ಬ್ರೆಸ್ಟಿನ ಸಮೀಪದ ಹಳ್ಳಿಯೊಂದರಲ್ಲಿ ‘ದಿವಾನ್’ ಎಂಬ ಹೆಸರಿನ ಮೊದಲ ಶಿಶುಶಾಲೆ ತೆರೆಯಿತು. ದಿವಾನ್ ಎಂದರೆ ಬ್ರೆಟನ್ ಭಾಷೆಯಲ್ಲಿ ಮೊಳಕೆ. ಅಲ್ಲಿ ಮಕ್ಕಳಿಗೆ ಪಾಠ, ಆಟ, ಊಟ ಎಲ್ಲವೂ ಬ್ರೆಟನ್ ಭಾಷೆಯಲ್ಲಿಯೇ. ಮಾಂಟೇನನ ತಂದೆ ಲ್ಯಾಟಿನಿಗಾಗಿ ಮಾಡಿದ್ದನ್ನು ಈ ತಂದೆತಾಯಿಯರು ತಮ್ಮ ಹಿರಿಯರ ನುಡಿಗಾಗಿ ಮಾಡಿದರು.

ಬ್ರೆಸ್ಟಿನ ಬೀದಿಗಳು ಇನ್ನೊಂದು ಪಾಠವನ್ನೂ ಕಲಿಸುತ್ತವೆ. ಹಳೆಯ ಊರನ್ನು ನೋಡುವ ಆಸೆಯಿಂದ ಬಂದವರಿಗೆ ಅಲ್ಲಿ ಪುರಾತನ ಕಟ್ಟಡಗಳು ಹೆಚ್ಚಾಗಿ ಕಾಣುವುದಿಲ್ಲ. ಕೋಟೆಯೊಂದು ತಲೆಯೆತ್ತಿ ನಿಂತಿದೆ. ಉಳಿದ ನಡುಪಟ್ಟಣವೆಲ್ಲ ನೇರವಾದ ಬೀದಿಗಳ, ಸಪ್ಪೆ ಬಣ್ಣದ ಹೊಸ ಮನೆಗಳ ಸಾಲು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಈ ಬಂದರನ್ನು ವಶಪಡಿಸಿಕೊಂಡು ಜಲಾಂತರ್ಗಾಮಿಗಳ ನೆಲೆಯನ್ನಾಗಿ ಮಾಡಿಕೊಂಡಿದ್ದರು. 1944ರ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ಅಮೆರಿಕದ ಸೇನೆ ಅದನ್ನು ಮುತ್ತಿ ಬಿಡಿಸಿತು. ಊರು ಬಿಡುಗಡೆಯಾಯಿತು, ಆದರೆ ಬಿಡುಗಡೆಯಾದಾಗ ಊರೇ ಉಳಿದಿರಲಿಲ್ಲ. ಬಾಂಬುಗಳಿಗೂ ಫಿರಂಗಿಗಳಿಗೂ ಸಿಕ್ಕಿ ಅದು ಬೂದಿಯ ದಿಬ್ಬವಾಗಿತ್ತು. ಈ ದುರಂತವನ್ನು ಕುರಿತು ಜಾಕ್ ಪ್ರೆವೇರ್ ಎಂಬ ಕವಿಯು ‘ಬಾರ್ಬರಾ’ ಎಂಬ ಕವಿತೆಯನ್ನು ರಚಿಸಿದನು. 1946ರಲ್ಲಿ ಪ್ರಕಟವಾದ ಅವನ ‘ಪಾರೋಲ್’ ಎಂಬ ಸಂಗ್ರಹದಲ್ಲಿ ಅದು ಸೇರಿದೆ. ಫ್ರೆಂಚ್ ಕಲಿಯುವ ಎಷ್ಟೋ ವಿದ್ಯಾರ್ಥಿಗಳು ಅದನ್ನು ಪಠ್ಯಪುಸ್ತಕದಲ್ಲಿ ಓದಿರುತ್ತಾರೆ. ಮಳೆ ಸುರಿಯುವ ಒಂದು ದಿನ ಸಿಯಾಂ ಬೀದಿಯಲ್ಲಿ ನಡೆಯುವಾಗ ಆ ಕವಿತೆ ನೆನಪಾದರೆ, ಅದು ಪರೀಕ್ಷೆಯ ಪದ್ಯವಾಗಿ ಉಳಿಯಲಾರದು. ಊರನ್ನು ಬಿಡಿಸಿದ ಸೈನಿಕರೂ ತಮ್ಮ ದೇಶದವರು, ಸುಟ್ಟ ಬಾಂಬುಗಳೂ ತಮ್ಮ ದೇಶದವು ಎಂಬ ಅರಿವು ಅಮೆರಿಕದ ವಿದ್ಯಾರ್ಥಿಯನ್ನು ಒಂದು ಗಳಿಗೆ ಸುಮ್ಮನಾಗಿಸುತ್ತದೆ. ಆ ಊರಿನ ಮನೆಯೊಂದು ಇಂದು ಅವನಿಗೆ ಅನ್ನವಿಟ್ಟು ಮಲಗಲು ಹಾಸಿಗೆ ಕೊಟ್ಟಿದೆ.

ಹದಿಹರೆಯದವರನ್ನು ಪರದೇಶದ ಮನೆಗಳಿಗೆ ಕಳುಹಿಸುವುದರಲ್ಲಿ ಎಂಥ ಶಕ್ತಿಯಿದೆಯೆಂಬುದನ್ನು ಫ್ರಾನ್ಸ್ ಮತ್ತು ಜರ್ಮನಿಗಳು ತಾವೇ ತೋರಿಸಿಕೊಟ್ಟಿವೆ. 1870ರಿಂದ 1945ರವರೆಗಿನ ಎಪ್ಪತ್ತೈದು ವರ್ಷಗಳಲ್ಲಿ ಈ ನೆರೆಹೊರೆಯ ರಾಷ್ಟ್ರಗಳು ಮೂರು ಸಲ ಯುದ್ಧ ಮಾಡಿದವು. ಅಜ್ಜನನ್ನು ಒಂದು ಯುದ್ಧದಲ್ಲಿ, ಮಗನನ್ನು ಇನ್ನೊಂದರಲ್ಲಿ, ಮೊಮ್ಮಗನನ್ನು ಮತ್ತೊಂದರಲ್ಲಿ ಕಳೆದುಕೊಂಡ ಮನೆಗಳು ಎರಡೂ ಕಡೆ ಇದ್ದವು. 1963ರ ಜನವರಿ 22ರಂದು ಫ್ರಾನ್ಸಿನ ಅಧ್ಯಕ್ಷ ಡಿಗಾಲ್ ಮತ್ತು ಪಶ್ಚಿಮ ಜರ್ಮನಿಯ ನಾಯಕ ಅಡೆನಾವರ್ ಸ್ನೇಹದ ಒಪ್ಪಂದಕ್ಕೆ ಸಹಿ ಹಾಕಿದರು. ರಾಜಕಾರಣಿಗಳ ಸಹಿಯಿಂದ ಮಾತ್ರವೇ ದ್ವೇಷ ಅಳಿಯದೆಂಬುದನ್ನು ಬಲ್ಲ ಅವರು, ಅದೇ ವರ್ಷದ ಜುಲೈ ತಿಂಗಳಲ್ಲಿ ಎರಡೂ ದೇಶಗಳ ತರುಣರಿಗಾಗಿ ಒಂದು ಜಂಟಿ ಕಚೇರಿಯನ್ನು ಸ್ಥಾಪಿಸಿದರು. ಎರಡೂ ಸರ್ಕಾರಗಳು ಅದರ ವೆಚ್ಚವನ್ನು ಹೊರುತ್ತವೆ. ಅಂದಿನಿಂದ ತೊಂಬತ್ತು ಲಕ್ಷಕ್ಕಿಂತ ಹೆಚ್ಚು ತರುಣ ತರುಣಿಯರು ಅದರ ಕಾರ್ಯಕ್ರಮಗಳಲ್ಲಿ ಪಾಲ್ಗೊಂಡಿದ್ದಾರೆ. ಯಾರ ಅಜ್ಜಂದಿರು ಕಂದಕಗಳಲ್ಲಿ ಅವಿತು ಪರಸ್ಪರ ಗುರಿಯಿಟ್ಟಿದ್ದರೋ ಅವರ ಮೊಮ್ಮಕ್ಕಳು ಒಂದೇ ಮೇಜಿನ ಮುಂದೆ ಕುಳಿತು ರೊಟ್ಟಿ ಮುರಿದು ತಿಂದರು.

ಇಂಥ ಪ್ರವಾಸಗಳಲ್ಲಿ ಕೊರತೆಗಳಿಲ್ಲವೆಂದಲ್ಲ. ಸಮುದ್ರ ದಾಟಿ ಹೋಗಿಬರಲು ಬಹಳ ಹಣ ಬೇಕು. ನೆರವಿಲ್ಲದಿದ್ದರೆ ಬಡವರ ಮಕ್ಕಳಿಗೆ ಅದು ಎಟುಕದ ಹಣ್ಣು. ಎಲ್ಲ ಮನೆಗಳಲ್ಲಿಯೂ ಎಲ್ಲರಿಗೂ ಹೊಂದಿಕೆಯಾಗುವುದಿಲ್ಲ. 2020ರಲ್ಲಿ ಕೊರೋನಾ ಸಾಂಕ್ರಾಮಿಕವು ಗಡಿಗಳನ್ನು ಮುಚ್ಚಿದಾಗ ಇಂಥ ಯೋಜನೆಗಳು ಲೋಕದಾದ್ಯಂತ ನಿಂತುಹೋದವು. ಕೈಯಲ್ಲಿರುವ ದೂರವಾಣಿಯು ಇಂದು ವಿದ್ಯಾರ್ಥಿಯನ್ನು ಪರದೇಶದಲ್ಲಿಯೂ ತನ್ನ ಊರಿನ ಮಾತಿಗೆ ಕಟ್ಟಿಹಾಕಬಲ್ಲುದು. ಯಂತ್ರಗಳು ಒಂದು ಭಾಷೆಯಿಂದ ಇನ್ನೊಂದಕ್ಕೆ ಕ್ಷಣದಲ್ಲಿ ಅನುವಾದ ಮಾಡಿಕೊಡುತ್ತಿರುವ ಈ ಕಾಲದಲ್ಲಿ ಇಷ್ಟೆಲ್ಲ ಶ್ರಮವೇಕೆಂದು ಕೆಲವರು ಕೇಳಬಹುದು. ಯಂತ್ರವು ಮಾತನ್ನು ದಾಟಿಸಬಲ್ಲುದು. ಆದರೆ ‘ನೀವು’ ಎನ್ನುತ್ತಿದ್ದವಳನ್ನು ‘ನೀನು’ ಎನ್ನುವ ಸಲುಗೆಗೆ ಕೈಹಿಡಿದು ಕರೆದೊಯ್ಯುವ ಕೆಲಸ ಅದರಿಂದಾಗದು. ತಪ್ಪು ಮಾಡಿ, ನಾಚಿ, ತಿದ್ದಿಕೊಂಡು, ಮತ್ತೆ ಬಾಯಿ ತೆರೆಯುವ ಧೈರ್ಯವನ್ನು ಯಾರೂ ಯಾರಿಗೂ ಅನುವಾದಿಸಿ ಕೊಡಲಾರರು.

ಆರನೆಯ ವಾರದ ಕೊನೆಗೆ ಅದೇ ನಿಲ್ದಾಣದಲ್ಲಿ ಅದೇ ಮೂವರು ಹುಡುಗಿಯನ್ನು ಬೀಳ್ಕೊಡಲು ನಿಲ್ಲುತ್ತಾರೆ. ಈಗಲೂ ಅವರು ಒಮ್ಮೆಗೇ ಮಾತನಾಡುತ್ತಾರೆ. ಆದರೆ ಈಗ ಅವಳಿಗೆ ಪದಗಳು ಬಿಡಿಬಿಡಿಯಾಗಿ ಕೇಳಿಸುತ್ತವೆ. ಅವಳೂ ನಡುವೆ ಬಾಯಿ ಹಾಕುತ್ತಾಳೆ, ನಗಿಸುತ್ತಾಳೆ. ಕಳೆದುಹೋಗಿದ್ದ ಅವಳ ಹಾಸ್ಯ ಹೊಸ ಭಾಷೆಯಲ್ಲಿ ಹಿಂದಿರುಗಿದೆ. ಅಗಲಿದವರ ನೆನಪು ಕಾಡುವುದನ್ನು ಇಂಗ್ಲಿಷಿನವರು ‘ನಾನು ನಿನ್ನ ಕೊರತೆಯನ್ನು ಅನುಭವಿಸುತ್ತೇನೆ’ ಎಂದು ತಮ್ಮಿಂದ ಆರಂಭಿಸಿ ಹೇಳುತ್ತಾರೆ. ಫ್ರೆಂಚರು ಅದನ್ನು ತಿರುಗಿಸಿ, ‘ನೀನು ನನಗೆ ಕೊರತೆಯಾಗುತ್ತೀಯೆ’ ಎನ್ನುತ್ತಾರೆ. ತರಗತಿಯಲ್ಲಿ ಈ ವಾಕ್ಯವನ್ನು ಅವಳು ಪ್ರತಿಸಲವೂ ತಲೆಕೆಳಗಾಗಿ ಹೇಳಿ ತಪ್ಪುತ್ತಿದ್ದಳು. ರೈಲು ಹೊರಟಾಗ ಕಿಟಕಿಯಿಂದ ಕೈಬೀಸುತ್ತ ಅವಳು ಅದನ್ನು ಸರಿಯಾ�ಗಿ ಹೇಳುತ್ತಾಳೆ. ಆ ಕ್ಷಣದಲ್ಲಿ ಅವಳಿಗೆ ವ್ಯಾಕರಣದ ನೆನಪಿರುವುದಿಲ್ಲ.

ಅಭ್ಯಾಸ

ಅ) ಒಂದೆರಡು ವಾಕ್ಯಗಳಲ್ಲಿ ಉತ್ತರಿಸಿರಿ:
1. ಮಾಂಟೇನನ ತಂದೆ ಮಗನಿಗೆ ಲ್ಯಾಟಿನ್ ಕಲಿಸಲು ಯಾವ ಏರ್ಪಾಡು ಮಾಡಿದನು?
2. ಬ್ರೆಸ್ಟಿನ ಮುಖ್ಯಬೀದಿಗೆ ಸಿಯಾಂ ಎಂಬ ಹೆಸರು ಬರಲು ಕಾರಣವೇನು?
3. ಫ್ರೆಂಚಿನ ಸಂಬೋಧನೆಗೂ ಕನ್ನಡದ ಸಂಬೋಧನೆಗೂ ಇರುವ ಸಾಮ್ಯವೇನು?

ಆ) ಏಳೆಂಟು ವಾಕ್ಯಗಳಲ್ಲಿ ಉತ್ತರಿಸಿರಿ:
1. ಇಂಗ್ಲಿಷ್ ಮಾತನಾಡುವುದಿಲ್ಲವೆಂಬ ಪ್ರತಿಜ್ಞೆ ವಿದ್ಯಾರ್ಥಿಗಳಿಗೆ ಕಠಿಣವಾದುದೇಕೆ?
2. ‘ಒಲಿದು ಕೈಗೊಂಡ ಮೌನ’, ‘ಹೇರಿದ ಮೌನ’ ಇವುಗಳ ವ್ಯತ್ಯಾಸವನ್ನು ಪಾಠದ ಆಧಾರದಿಂದ ವಿವರಿಸಿರಿ.
3. ಫ್ರಾನ್ಸ್ ಮತ್ತು ಜರ್ಮನಿಗಳ ತರುಣರ ವಿನಿಮಯದಿಂದ ದೊರೆತ ಫಲವೇನು?